ಅರಾದ್‌ನ ಪಿಯಾನೋ ಮಿಸ್ಸು ಮತ್ತು ಚೆನ್ನಮ್ಮನ ಫೈಲು

ಚೆನ್ನಮ್ಮನಿಗೆ ಸಂಬಳ ಕೊಡುತ್ತಿದ್ದದ್ದೇ ಅನುಮಾನ ಪಡುವುದಕ್ಕೆ. ತಮಾಷೆಗೆ ಹೇಳುತ್ತಿಲ್ಲ. ಬಹ್ರೇನಿನ ರಾಜಧಾನಿ ಮನಾಮದಲ್ಲಿ, ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಬ್ಯಾಂಕಿನ ಏಳನೇ ಮಹಡಿಯಲ್ಲಿ ಅವಳ ಮೇಜು. ಆ ಮೇಜಿಗೆ ಬರುವ ಪಾಸ್‌ಪೋರ್ಟ್ ನಕಲು, ಒಪ್ಪಿಗೆ ಪತ್ರ, ಸಹಿಯ ಕಾರ್ಡು ಎಲ್ಲವನ್ನೂ ಸುಳ್ಳು ಅಂದುಕೊಂಡೇ ನೋಡಬೇಕು, ಸಾಚಾ ಅಂತ ಖಾತ್ರಿಯಾದ ಮೇಲೇ ಮುಂದಕ್ಕೆ ಕಳಿಸಬೇಕು. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ ಹೆಂಗಸು ಮನೆಗೆ ಬಂದ ಕೂಡಲೇ ಬೇರೆಯವಳಾಗು ಅಂದರೆ ಹೇಗೆ ಆದಾಳು? ಮೊಸರಿನ ಡಬ್ಬಿಯ ತಾರೀಖನ್ನು ಅಂಗಡಿಯಲ್ಲೊಂದು ಸಲ, ಮನೆಯಲ್ಲೊಂದು ಸಲ ನೋಡುವಳು. ಗಂಡ ಶ್ಯಾಮಸುಂದರ ಸೈಟಿನಿಂದ ತಡವಾಗಿ ಬಂದರೆ ಅವನ ಮುಖಕ್ಕಿಂತ ಮೊದಲು ಬೂಟು ನೋಡುವಳು, ಸಿಮೆಂಟು ಹತ್ತಿದೆಯೋ ಇಲ್ಲವೋ ಅಂತ. "ಪೂಜಾರಿ ತೀರ್ಥ ಕೊಟ್ರೂ ಯಾವ ನಲ್ಲೀದು ಅಂತ ಕೇಳೋಳು ಕಣೇ ನೀನು," ಅಂತ ಅವನು ರೇಗಿಸುತ್ತಿದ್ದ. "ಕೇಳಿದ್ರೆ ತಪ್ಪೇನ್ರೀ?" ಅಂತ ಇವಳು ಕೇಳುತ್ತಿದ್ದಳು, ನಿಜವಾಗಿಯೂ ತಪ್ಪೇನು ಅಂತ ತಿಳಿಯದೆ.

ಇಂಥ ಚೆನ್ನಮ್ಮ ಆರು ವರ್ಷದಿಂದ ಪ್ರತಿ ಮಂಗಳವಾರ ಸಂಜೆ ಮಗಳು ಸ್ಪಂದನಾಳನ್ನು ಕಾರಿನಲ್ಲಿ ಕೂರಿಸಿಕೊಂಡು, ಸೇತುವೆ ದಾಟಿ, ಪಕ್ಕದ ಮುಹರ್ರಕ್ ದ್ವೀಪದ ಅರಾದ್‌ಗೆ ಪಿಯಾನೋ ಪಾಠಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಪಾಠ ಹೇಳುವವರು ಲೋರೆಟ್ಟಾ ಹ್ಯೂಬರ್ಟ್ ಎಂಬ ಅಮೆರಿಕದ ಹೆಂಗಸು. ಮಕ್ಕಳಿಗೆಲ್ಲ ಲೋರೆಟ್ಟಾ ಮಿಸ್. ಎಪ್ಪತ್ತರ ಹತ್ತಿರ ವಯಸ್ಸು, ಎತ್ತರದ ಆಳು, ಕಪ್ಪು ಮೈಬಣ್ಣ, ದೊಡ್ಡ ಜೇಬಿನ ಹತ್ತಿ ಗೌನು, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲು. ಅಮೆರಿಕದವರು ಅಂದರೆ ಬೆಳ್ಳಗಿರುತ್ತಾರೆ ಅಂತ ಚೆನ್ನಮ್ಮ ಅದ್ಯಾಕೆ ಅಂದುಕೊಂಡಿದ್ದಳೋ, ಅವಳ ಮೊದಲ ಅನುಮಾನ ಅಲ್ಲಿಂದಲೇ ಶುರು. ಮೊದಲ ದಿನವೇ, ನಾಚಿಕೆ ಅನ್ನುವುದು ಇಲ್ಲದೆ, "ನಿಮ್ಮ ಡಿಗ್ರಿ ಸರ್ಟಿಫಿಕೇಟ್ ಒಮ್ಮೆ ನೋಡಬಹುದಾ?" ಅಂತ ಕೇಳಿಬಿಟ್ಟಿದ್ದಳು. ಮಿಸ್ ಜೋರಾಗಿ ನಕ್ಕು, ಒಳಗಿಂದ ಅದನ್ನು ತಂದುಕೊಟ್ಟರು. ಸಂಗೀತ ರಚನೆಯಲ್ಲೇ ಪದವಿ. ಚೆನ್ನಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕಾಗದ ಅಸಲಿಯೋ ಅಂತ ನೋಡಿದಳು. ಸ್ಪಂದನಾಗೆ ಆಗ ಹತ್ತು ವರ್ಷ. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನುವ ಹಾಗೆ ಅವಳು ತಲೆ ತಗ್ಗಿಸಿಕೊಂಡು ನಿಂತಿದ್ದಳು.

ಕಾಗದ ಅಸಲಿಯಾಗಿತ್ತು. ಆದರೆ ಅನುಮಾನಕ್ಕೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬೇಕಲ್ಲ! ಪಾಠ ನಡೆಯುವ ಹಾಲ್‌ನಲ್ಲಿ, ಪಿಯಾನೋ ಹಿಂದೆ, ಒಂದು ಸ್ಟೀಲ್ ಬೀರು. ಅದಕ್ಕೆ ಬೀಗ. ಆ ಬೀರುವಿನಲ್ಲಿ ಮಕ್ಕಳ ಪುಸ್ತಕಗಳು. ಮಿಸ್ ಬಳಿ ಒಂದು ಸಲಕ್ಕೆ ಎಂಟೇ ಮಕ್ಕಳು, ಒಂಬತ್ತನೆಯವರು ಕಾಲಿಗೆ ಬಿದ್ದರೂ ಸೇರಿಸಿಕೊಳ್ಳರು. ಪ್ರತಿ ಮಗುವಿಗೂ ಒಂದು ಗೆರೆ ಹಾಕಿದ ಪುಸ್ತಕ. ಪುಟದ ಮೊದಲ ಎರಡು ಸಾಲು ರಾಗವನ್ನು ಮಿಸ್ ಪೆನ್ಸಿಲಿನಲ್ಲಿ ಬರೆಯುವುದು. ಮುಂದಿನ ಎರಡು ಸಾಲನ್ನು ಮಗು ತಾನೇ ಯೋಚಿಸಿ ಇಂಕಿನಲ್ಲಿ ಬರೆಯುವುದು. "ನನ್ನದನ್ನು ಬೇಕಾದರೆ ಅಳಿಸು, ನಿನ್ನದನ್ನು ಅಳಿಸಬೇಡ" ಅಂತ ಅವರ ಕಾನೂನು. ಪಾಠ ಮುಗಿದ ಮೇಲೆ ಪುಸ್ತಕ ಬೀರುವಿಗೆ, ಬೀಗದ ಕೈ ಗೌನಿನ ಜೇಬಿಗೆ. ಹಾಲ್‌ನ ಮೂಲೆಯ ಬೆತ್ತದ ಕುರ್ಚಿಯಲ್ಲಿ ಆರು ವರ್ಷ ಕೂತ ಚೆನ್ನಮ್ಮನಿಗೆ ಇದೊಂದು ಅರಗಲೇ ಇಲ್ಲ. ಮಕ್ಕಳು ಬರೆದದ್ದನ್ನು ಮಕ್ಕಳ ಮನೆಗೆ ಕಳಿಸದೆ ಬೀಗ ಹಾಕಿಟ್ಟುಕೊಳ್ಳುವ ಟೀಚರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಸರಿ, ಮನಸ್ಸಿನಲ್ಲೇ ಒಂದು ಫೈಲು ತೆರೆದಳು. ಬ್ಯಾಂಕಿನಲ್ಲಿ ಅವಳ ಪಕ್ಕದ ಮೇಜಿನ ಝುಲ್ಫಾ ಮುಹರ್ರಕ್‌ನವಳು, ಬಹ್ರೇನಿನವಳೇ, ಚಿಕ್ಕ ಹುಡುಗಿಯಾಗಿದ್ದಾಗ ಲೋರೆಟ್ಟಾ ಮಿಸ್ಸಿನ ಮೊಟ್ಟಮೊದಲ ಎಂಟು ಮಕ್ಕಳಲ್ಲಿ ಒಬ್ಬಳು. ಟೀ ಕುಡಿಯುವಾಗೆಲ್ಲ ಚೆನ್ನಮ್ಮ ಅವಳ ಬಾಯಿ ಬಿಡಿಸುವಳು. ಹೀಗೆ ಫೈಲು ತುಂಬುತ್ತಾ ಹೋಯಿತು.

ಲೋರೆಟ್ಟಾ ಹುಟ್ಟಿದ್ದು ಅಮೆರಿಕದ ಟೊಲಿಡೊ ಎಂಬ ಊರಿನಲ್ಲಿ. ಅಪ್ಪ ಸಿಟಿ ಬಸ್ ಡ್ರೈವರು. ಅಮ್ಮ ಒಂದು ಚರ್ಚಿನ ನೆಲ ಒರೆಸುವವಳು. ಒರೆಸಿ ಮುಗಿಸಿ, ಯಾರೂ ಇಲ್ಲದಾಗ, ಅಲ್ಲಿನ ಆರ್ಗನ್ ನುಡಿಸುತ್ತಿದ್ದಳು. ಮಗಳು ಅದನ್ನು ಬೆಂಚಿನ ಕೆಳಗೆ ಕೂತು ಕೇಳಿ ಕೇಳಿ ಸಂಗೀತ ಕಲಿತದ್ದು. ಓದು ಮುಗಿಸಿ, ಬರೆದ ಸಂಗೀತವನ್ನೆಲ್ಲ ಲಕೋಟೆಗೆ ಹಾಕಿ ದೊಡ್ಡ ದೊಡ್ಡ ವಾದ್ಯವೃಂದಗಳಿಗೆ ಕಳಿಸಿದರು. ಅರ್ಧಕ್ಕರ್ಧ ಲಕೋಟೆಗಳು ಒಡೆಯದೆಯೇ ವಾಪಸ್ಸು ಬಂದವು. 1986ರಲ್ಲಿ ಮನಾಮದ ಒಂದು ಶಾಲೆಗೆ ಸಂಗೀತದ ಟೀಚರಾಗಿ ಎರಡು ವರ್ಷಕ್ಕೆಂದು ಬಂದರು. ಹಡಗು ರಿಪೇರಿ ಮಾಡುವ ಯಾರ್ಡಿನಲ್ಲಿ ಕೆಲಸಕ್ಕಿದ್ದ ಹ್ಯೂಬರ್ಟ್ ಎಂಬ ಅಮೆರಿಕದವನನ್ನೇ ಮದುವೆಯಾದರು. ಎಂಟು ವರ್ಷದ ಮೇಲೆ ಈ ಸೆಕೆ ತನ್ನಿಂದಾಗದು ಅಂತ ಅವನು ಊರಿಗೆ ಹೋದ. ಇವರು ಹೋಗಲಿಲ್ಲ.

"ಯಾಕೆ ಹೋಗಲಿಲ್ಲ?" ಚೆನ್ನಮ್ಮನ ಕಿವಿ ನೆಟ್ಟಗಾಯಿತು.

"ಅದನ್ನೇ ನಾನೂ ಕೇಳಿದ್ದೆ," ಅಂದಳು ಝುಲ್ಫಾ. "'ಅಲ್ಲಿ ನಾನು ಬರೆದಿದ್ದನ್ನ ಯಾರೂ ತೆರೆದು ನೋಡಲಿಲ್ಲ, ಇಲ್ಲಿ ಎಂಟು ಮಕ್ಕಳು ಪ್ರತಿ ವಾರ ತೆರೆದು ನೋಡ್ತಾರೆ' ಅಂದ್ರು."

ಚೆನ್ನಮ್ಮ ಅದನ್ನು ನಂಬಲಿಲ್ಲ. ಅಷ್ಟಕ್ಕೋಸ್ಕರ ಯಾರಾದರೂ ನಲವತ್ತು ವರ್ಷ ಪರದೇಶದಲ್ಲಿ ಇರುತ್ತಾರೆಯೇ? ಝುಲ್ಫಾ ಹೇಳಿದ್ದರಲ್ಲಿ ಒಳ್ಳೆಯ ಮಾತುಗಳೂ ಇದ್ದವು. ಝುಲ್ಫಾ ಚಿಕ್ಕವಳಿದ್ದಾಗ ಬಲಗೈ ಮುರಿದುಕೊಂಡರೆ ಮಿಸ್ ಬರೀ ಎಡಗೈಗೆಂದೇ ಒಂದು ಪುಟ್ಟ ರಚನೆ ಮಾಡಿಕೊಟ್ಟಿದ್ದರಂತೆ. ತೊಂಬತ್ತೊಂದರ ಗಲ್ಫ್ ಯುದ್ಧದಲ್ಲಿ ಸೈರನ್ ಕೂಗಿದಾಗ ಮಕ್ಕಳು ಅಳುತ್ತಿದ್ದರೆ, "ಇದು ಯಾವ ಸ್ವರದಿಂದ ಹೊರಡ್ತು? ಯಾವ ಸ್ವರಕ್ಕೆ ಹೋಗಿ ನಿಂತಿತು? ಬೇಗ ಹುಡುಕಿ!" ಅಂತ ಪಿಯಾನೋ ಮುಂದೆ ಕೂರಿಸಿ, ಹುಡುಕುವ ಗಡಿಬಿಡಿಯಲ್ಲಿ ಅಳು ಮರೆಸಿದ್ದರಂತೆ. ಅರವತ್ತಕ್ಕೂ ಮೀರಿ ರಚನೆಗಳಿವೆಯಂತೆ, ಬಹುಪಾಲು ಚಿಕ್ಕ ಬೆರಳುಗಳಿಗಾಗಿ ಬರೆದವು. ಚೆನ್ನಮ್ಮ ಇವನ್ನೆಲ್ಲ ಕೇಳಿ, ಫೈಲಿನ ಕೊನೆಯ ಪುಟಕ್ಕೆ ತಳ್ಳಿದಳು. ತುಂಬ ಒಳ್ಳೆಯವರ ಕಾಗದಗಳನ್ನೇ ಎರಡು ಸಲ ನೋಡಬೇಕು ಅನ್ನುವುದು ಅವಳ ಕೆಲಸದ ಪಾಠ.

ಈ ವರ್ಷ ಮಿಸ್ಸಿಗೆ ಎಪ್ಪತ್ತು ತುಂಬಿತು. ಹಳೆಯ ಶಿಷ್ಯರು ಸೇರಿ ಮುಹರ್ರಕ್‌ನ ಒಂದು ಹಳೇ ಮನೆಯ ಅಂಗಳದಲ್ಲಿ, ಬರೀ ಅವರದೇ ರಚನೆಗಳ ಕಛೇರಿ ಇಟ್ಟುಕೊಂಡರು. ಅವರ ಹೆಸರಿನಲ್ಲಿ ಒಂದು ಪೂರ್ತಿ ಸಂಜೆ, ಬದುಕಿನಲ್ಲಿ ಅದೇ ಮೊದಲು. ಸ್ಪಂದನಾಗೂ ಈಗ ಹದಿನಾರು. ಲಂಡನ್ನಿನ ಒಂದು ಸಂಗೀತ ಕಾಲೇಜಿಗೆ ಅರ್ಜಿ ಹಾಕಿಯಾಗಿತ್ತು. ಅರ್ಜಿ ತುಂಬಿದ್ದು ಯಾರು ಅಂತ ಕೇಳಬೇಡಿ, ಚೆನ್ನಮ್ಮನೇ. ಸ್ವಂತ ರಚನೆ ಒಂದನ್ನು ಕಳಿಸಿ ಅಂತ ಕಾಲೇಜಿನವರು ಕೇಳಿದ್ದಕ್ಕೆ, ಕೊರೊನಾ ವರ್ಷದಲ್ಲಿ ತನ್ನ ಫೋನಿನಲ್ಲೇ ತೆಗೆದಿಟ್ಟಿದ್ದ ವಿಡಿಯೋ ಸೇರಿಸಿದ್ದಳು. ಹನ್ನೆರಡರ ಸ್ಪಂದನಾ ಮನೆಯ ಕೀಬೋರ್ಡಿನಲ್ಲಿ ತಾನೇ ಕಟ್ಟಿದ ರಾಗ ನುಡಿಸುತ್ತಿರುವ ವಿಡಿಯೋ ಅದು. ಎಂಥ ರಾಗ ಅಂತೀರಿ! ಮೆಲ್ಲಗೆ ಹಿಂದೆ ಸರಿಯುತ್ತಾ, ಇನ್ನೇನು ಮುಗಿಯಿತು ಅನ್ನುವಾಗ ಮತ್ತೆ ಒಂದು ಹೆಜ್ಜೆ ಮುಂದೆ ಬರುವ ರಾಗ. ದಾವಣಗೆರೆಯ ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರತ್ತೆ, ಎಲ್ಲರ ಫೋನಿಗೂ ಅದು ಹೋಗಿತ್ತು. ಚೆನ್ನಮ್ಮ ಬೇಸರವಾದಾಗ ಆಫೀಸಿನಲ್ಲೂ ಅದನ್ನು ಕೇಳುತ್ತಿದ್ದಳು.

ಕಛೇರಿಗೆ ಎರಡು ವಾರ ಇರುವಾಗ, ಮಂಗಳವಾರ, ಮಿಸ್ ತಾವೇ ಪಿಯಾನೋ ಮುಂದೆ ಕೂತು, "ಇದನ್ನು ಕೊನೆಯಲ್ಲಿ ನಾನು ನುಡಿಸ್ತೀನಿ. ಇದುವರೆಗೂ ಎಲ್ಲೂ ಯಾರ ಮುಂದೆಯೂ ನುಡಿಸಿಲ್ಲ. ಹೆಸರು 'ನೀರಿಳಿತ'," ಅಂದು ನುಡಿಸತೊಡಗಿದರು.

ಚೆನ್ನಮ್ಮ ಬೆತ್ತದ ಕುರ್ಚಿಯ ಅಂಚಿಗೆ ಸರಿದು ಕೂತಳು. ಅದೇ ರಾಗ. ಹಿಂದೆ ಸರಿದು, ಮುಗಿಯಿತು ಅನ್ನುವಾಗ ಮುಂದೆ ಬರುವ ಅದೇ ರಾಗ. ಸ್ಪಂದನಾ ಕಡೆ ನೋಡಿದಳು. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. 'ಪಾಪ, ತನ್ನ ರಾಗವನ್ನು ಗುರುವೇ ಕದ್ದಿದ್ದನ್ನು ಕಂಡು ಮಗು ಹೆದರಿಬಿಟ್ಟಿದೆ' ಅಂತ ತಾಯಿ ತೀರ್ಮಾನಿಸಿಬಿಟ್ಟಳು. ಬೀರುವಿನ ಬೀಗದ ಅರ್ಥ ಈಗ ಗೊತ್ತಾಯಿತಲ್ಲ! ಎಷ್ಟು ಮಕ್ಕಳ ಎಷ್ಟು ಸಾಲುಗಳು ಈ ಅರವತ್ತು ರಚನೆಗಳಲ್ಲಿವೆಯೋ! ಅದೂ ಅಲ್ಲದೆ, ನಾಳೆ ಈ ರಾಗ ಲೋರೆಟ್ಟಾ ಹ್ಯೂಬರ್ಟ್ ಹೆಸರಿನಲ್ಲಿ ಹೊರಗೆ ಬಂದರೆ, ಲಂಡನ್ನಿನವರು ಕಳ್ಳಿ ಅನ್ನುವುದು ಯಾರನ್ನು? ಸ್ಪಂದನಾಳನ್ನು.

ಮನೆಗೆ ಬರುವಾಗ ಮಗಳು "ಅಮ್ಮ, ಪ್ಲೀಸ್, ಬಿಟ್ಬಿಡು ಅದನ್ನ" ಅಂತ ಒಂದೇ ಸಮ ಗೋಗರೆದಳು. ಶ್ಯಾಮಸುಂದರನೂ, "ಎರಡು ದಿನ ತಡಿ ಕಣೇ, ಒಂದ್ಸಲ ಯೋಚನೆ ಮಾಡು" ಅಂದ. ಚೆನ್ನಮ್ಮ ಇಬ್ಬರಿಗೂ ಕಿವಿಗೊಡಲಿಲ್ಲ. ಬುಧವಾರ ಅರ್ಧ ದಿನ ರಜೆ ಹಾಕಿ, ಒಬ್ಬಳೇ ಅರಾದ್‌ಗೆ ಹೋಗಿ ಬೆಲ್ ಒತ್ತಿದಳು. ಒಳಗೆ ಹೋದವಳೇ ಫೋನು ಮುಂದೆ ಹಿಡಿದು, "ಇದು 2021ರದು. ತಾರೀಖು ಇಲ್ಲಿದೆ ನೋಡಿ. ನೀವು ನಿನ್ನೆ ನುಡಿಸಿದ್ದು ನನ್ನ ಮಗಳ ರಾಗ. ಮಗುವಿನದನ್ನು ತೆಗೆದುಕೊಳ್ಳೋಕೆ ನಾಚಿಕೆ ಆಗಲ್ಲವಾ ನಿಮಗೆ?" ಅಂದಳು. ಇಂಗ್ಲಿಷಿನಲ್ಲೇ ಅಂದಳು, ಆದರೆ ದಾವಣಗೆರೆಯ ಗಂಟಲಿನಲ್ಲಿ.

ಮಿಸ್ ಕನ್ನಡಕ ಹಾಕಿಕೊಂಡು ವಿಡಿಯೋವನ್ನು ಎರಡು ಸಲ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಇದು ತನ್ನದೇ ಅಂತ ಸ್ಪಂದನಾ ನಿಮಗೆ ಹೇಳಿದಳಾ?"

"ಹೇಳದೆ ಏನು? ನಾಲ್ಕು ವರ್ಷದಿಂದ ನಮ್ಮ ಮನೆಯವರಿಗೆಲ್ಲ ಗೊತ್ತು."

ಆಗಲೇ ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಏರ್‌ಪೋರ್ಟಿನ ಪಕ್ಕದ ಅರಾದ್‌ನಲ್ಲಿ ಅದು ದಿನದ ಪಾಡು. ಪಾಠದ ನಡುವೆ ಬಂದರೆ ಮಿಸ್ ಕೈ ಎತ್ತಿ, ಅದು ದಾಟುವ ತನಕ ಮಕ್ಕಳನ್ನು ಸುಮ್ಮನೆ ಕೂರಿಸುತ್ತಿದ್ದರು. ಈಗಲೂ ಕೈ ಎತ್ತಿದರು. ಸದ್ದು ಅಡಗಿದ ಮೇಲೆ, "ಹಾಗಾದರೆ ಅವಳದೇ" ಅಂದು, ಮೇಜಿನ ಮೇಲಿದ್ದ ಕಾರ್ಯಕ್ರಮದ ಪಟ್ಟಿ ಎಳೆದುಕೊಂಡು, 'ನೀರಿಳಿತ'ದ ಎದುರು ತಮ್ಮ ಹೆಸರನ್ನು ಹೊಡೆದುಹಾಕಿ ಸ್ಪಂದನಾ ಅಂತ ಬರೆದರು.

ಇಷ್ಟು ಸುಲಭಕ್ಕೆ ಒಪ್ಪಿಕೊಂಡರೆ ಚೆನ್ನಮ್ಮನಂಥವಳಿಗೆ ಸಮಾಧಾನವಾದೀತೇ? ತಪ್ಪಿಲ್ಲದವರು ಹೀಗೆ ಸುಮ್ಮನೆ ಬಿಟ್ಟುಕೊಡುತ್ತಾರೆಯೇ? "ಆ ವರ್ಷದ ಅವಳ ಪುಸ್ತಕ ಕೊಡಿ," ಅಂದಳು. "ಕಾಲೇಜಿನವರು ಕೇಳಿದರೆ ನನಗೆ ಪುರಾವೆ ಬೇಕು."

"ಅದು ಬೇಡ," ಅಂದರು ಮಿಸ್.

"ಯಾಕೆ ಬೇಡ?"

"ನಿಮಗೆ ಬೇಕಾಗಿದ್ದು ಹೆಸರು. ಕೊಟ್ಟಿದ್ದೀನಿ. ಪುಸ್ತಕ ಬೇಡ."

ಬೇಡ ಅಂದಷ್ಟೂ ಚೆನ್ನಮ್ಮನ ಹಟ ಏರಿತು. ಪುಸ್ತಕ ಕೊಡದೆ ಕದಲುವುದಿಲ್ಲ ಅಂತ ಬೆತ್ತದ ಕುರ್ಚಿಯಲ್ಲಿ ಕೂತೇಬಿಟ್ಟಳು. ಕಡೆಗೆ ಮಿಸ್ ಜೇಬಿನಿಂದ ಬೀಗದ ಕೈ ತೆಗೆದು, ಬೀರು ತೆರೆದು, ಒಂದು ನೀಲಿ ಪುಸ್ತಕ ಹುಡುಕಿ ಅವಳ ಮಡಿಲಿಗಿಟ್ಟರು. "ಕೇಳಿದ್ದು ನೀವು," ಅಂದರು. ಬಾಗಿಲವರೆಗೂ ಬರಲಿಲ್ಲ.

ಗುರುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಚೆನ್ನಮ್ಮ ಆಫೀಸಿನ ಮೇಜಿನ ಮೇಲೆ ಆ ಪುಸ್ತಕ ಬಿಚ್ಚಿದಳು. ಕೊರೊನಾ ವರ್ಷದಲ್ಲಿ ಪಾಠ ಫೋನಿನ ಮೇಲೆ ನಡೆದಿತ್ತು. ಪುಸ್ತಕವನ್ನು ಮಿಸ್ಸಿನ ಗೇಟಿನ ಪಕ್ಕದ ಡಬ್ಬಿಯಲ್ಲಿಡುವುದು, ಅವರು ಬರೆದಿಟ್ಟ ಮೇಲೆ ಮತ್ತೆ ತರುವುದು, ಹೀಗೆ ಸಾಗಿತ್ತು. ಮನೆಗೆ ಬಂದಿದ್ದ ಒಂದೇ ಒಂದು ಪುಸ್ತಕ ಇದು. ರಾಗದ ಪುಟ ಸಿಕ್ಕಿತು. ನಾಲ್ಕಕ್ಕೆ ನಾಲ್ಕೂ ಸಾಲು ಇಂಕಿನಲ್ಲಿ, ಸ್ಪಂದನಾಳದೇ ಗುಂಡು ಗುಂಡು ಅಕ್ಷರ. "ಸಿಕ್ಕಿಬಿದ್ರಲ್ಲ ಮಿಸ್," ಅಂತ ಚೆನ್ನಮ್ಮ ಬಾಯಿಬಿಟ್ಟೇ ಅಂದಳು.

ಪುಟ ಮುಚ್ಚಬೇಕಿತ್ತು. ಆದರೆ ಕೈಗೆ ಹದಿನಾಲ್ಕು ವರ್ಷದ ಅಭ್ಯಾಸ. ಬೇರೆಯವರ ಸಹಿ ನಕಲು ಮಾಡುವವರು ಮೊದಲು ಪೆನ್ಸಿಲಿನಲ್ಲಿ ತೆಳ್ಳಗೆ ಬರೆದು, ಅದರ ಮೇಲೆ ಇಂಕು ಎಳೆದು, ಪೆನ್ಸಿಲು ಅಳಿಸಿಬಿಡುತ್ತಾರೆ. ಬಣ್ಣ ಹೋದರೂ ಕಾಗದದಲ್ಲಿ ಒತ್ತು ಉಳಿಯುತ್ತದೆ. ಮೇಜಿನ ದೀಪವನ್ನು ಪುಟದ ಪಕ್ಕಕ್ಕೆ ಮಲಗಿಸಿದರೆ ಆ ಒತ್ತು ಕಾಣುತ್ತದೆ. ಅವಳು ದೀಪ ಮಲಗಿಸಿದಳು.

ಇಂಕಿನ ಪ್ರತಿ ಸ್ವರದ ಕೆಳಗೂ ಪೆನ್ಸಿಲಿನ ಒತ್ತು ಇತ್ತು. ನಾಲ್ಕು ಸಾಲಿಗೂ ಇತ್ತು. ಪುಟದ ತಲೆಯ ಮೇಲೆ, ರಬ್ಬರು ಉಜ್ಜಿ ಕಾಗದ ನವಿರಾಗಿದ್ದ ಜಾಗದಲ್ಲಿ, ಮಿಸ್ಸಿನ ಉದ್ದುದ್ದ ಕೈಬರಹ ಓರೆ ಬೆಳಕಿಗೆ ಒಂದೊಂದೇ ಅಕ್ಷರವಾಗಿ ಎದ್ದು ಬಂತು. 'ಇದು ನನ್ನ ಹಳೆಯದು, 1988. ಯಾರಿಗೂ ನುಡಿಸಿಲ್ಲ. ನಿನಗೆ ಇಷ್ಟವಾದರೆ ಮುಂದಿನ ಪುಟದಲ್ಲಿ ನಿನ್ನದು ಬರೆ.' ಮುಂದಿನ ಪುಟ ಖಾಲಿ ಇತ್ತು.

ಝುಲ್ಫಾ ಊಟ ಮುಗಿಸಿ ಬಂದು "ಏನಾಯ್ತು ಚೆನ್ನಾ, ಹುಷಾರಿಲ್ವಾ?" ಅಂತ ಕೇಳಿದಾಗ ಚೆನ್ನಮ್ಮ ಪುಸ್ತಕ ಮುಚ್ಚಿ ಬ್ಯಾಗಿಗೆ ತುರುಕಿದಳು. ಜೀವಮಾನದಲ್ಲಿ ಹಿಡಿದ ಅತಿ ಚೊಕ್ಕ ಕಳ್ಳತನ ಅದು. ಕೊಂಡೊಯ್ದು ಕೊಡಲು ಮೇಲಧಿಕಾರಿ ಯಾರೂ ಇರಲಿಲ್ಲ.

ಶಾಲೆ ಬಿಡುವ ಹೊತ್ತಿಗೆ ಮಗಳನ್ನು ಕಾರಿಗೆ ಹತ್ತಿಸಿಕೊಂಡು, ಸೇತುವೆ ದಾಟಿ, ಅರಾದ್‌ನ ಆ ಮನೆಯ ಎದುರು ನಿಲ್ಲಿಸಿ, ಎಂಜಿನ್ ಆರಿಸಿದಳು. ಪುಸ್ತಕ ತೆಗೆದು ಸ್ಪಂದನಾಳ ತೊಡೆಯ ಮೇಲಿಟ್ಟಳು. ಹುಡುಗಿ ಅದನ್ನು ತೆರೆಯಲೇ ಇಲ್ಲ.

"ಯಾಕೆ ಹೀಗೆ ಮಾಡಿದೆ ಪುಟ್ಟಿ?"

"ನೀನು ದಿನಾ ಕೇಳ್ತಿದ್ದೆ. ಇವತ್ತು ಸ್ವಂತದ್ದು ಏನು ಮಾಡ್ದೆ, ಇವತ್ತು ಸ್ವಂತದ್ದು ಏನು ಮಾಡ್ದೆ ಅಂತ. ಅವತ್ತು ನಂಗೇನೂ ಬಂದಿರ್ಲಿಲ್ಲ. ಇದು ನಂದು ಅಂದ್ಬಿಟ್ಟೆ. ನೀನು ಅಷ್ಟು ಖುಷಿಯಾಗಿ ವಿಡಿಯೋ ಮಾಡಿ ಎಲ್ರಿಗೂ ಕಳಿಸ್ಬಿಟ್ಟೆ."

"ಆಮೇಲೆ? ನಾಲ್ಕು ವರ್ಷ ಇತ್ತಲ್ಲ! ಅರ್ಜಿ ಹಾಕುವಾಗಲಾದ್ರೂ ಒಂದು ಮಾತು ಹೇಳ್ಬಾರ್ದಾ?"

ಸ್ಪಂದನಾ ಅಳುತ್ತಿದ್ದಳು. "ಹೇಗೆ ಹೇಳ್ಲಿ ಅಮ್ಮ? ನೀನು ಅಪ್ಪನ್ನ ನಂಬಲ್ಲ, ಮಿಸ್‌ನ ನಂಬಲ್ಲ, ಅಂಗಡಿಯವನನ್ನ ನಂಬಲ್ಲ. ಪ್ರಪಂಚದಲ್ಲಿ ನೀನು ನಂಬಿದ್ದು ನನ್ನೊಬ್ಬಳನ್ನೇ. ಅದನ್ನೂ ಕಳ್ಕೊಂಡ್ರೆ ನಂಗೇನು ಉಳೀತಿತ್ತು?"

ಚೆನ್ನಮ್ಮ ಬೈಯಬೇಕು ಅಂತ ಬಾಯಿ ತೆರೆದಳು, ಅಳು ಬಂತು. ಕಣ್ಣೊರೆಸಿಕೊಂಡು ಇಬ್ಬರೂ ಇಳಿದು ಹೋಗಿ ಬೆಲ್ ಒತ್ತಿದರು.

ಬಾಗಿಲು ತೆರೆದ ಮಿಸ್ ಇಬ್ಬರ ಮುಖವನ್ನೂ, ಹುಡುಗಿಯ ಕೈಯಲ್ಲಿದ್ದ ನೀಲಿ ಪುಸ್ತಕವನ್ನೂ ನೋಡಿದರು. ಸ್ಪಂದನಾ "ಐ ಆಮ್ ಸಾರಿ" ಅನ್ನುವುದರೊಳಗೆ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. "ನೀನು ಇಂಕು ಎಳೆದಿದ್ದನ್ನ ಅವತ್ತೇ ನೋಡಿದ್ದೆ. ಇಷ್ಟಪಟ್ಟು ತಿದ್ದಿದ್ದೀಯ ಅಂದುಕೊಂಡೆ. ಮನೆಯಲ್ಲಿ ನಿನ್ನದು ಅಂದಿದ್ದು ನಿನ್ನೆ ಗೊತ್ತಾಯ್ತು. ಒಳಗೆ ಹೋಗಿ ಪಟ್ಟಿಯಲ್ಲಿ ಹೆಸರು ಸರಿ ಮಾಡು, ಪೆನ್ನಿನಲ್ಲಿ. ಲಂಡನ್ನಿನವರಿಗೆ ಇವತ್ತೇ ಬರೆದು ಆ ವಿಡಿಯೋ ವಾಪಸ್ ತಗೋ. ಅವರ ಕೊನೇ ತಾರೀಖಿಗೆ ಇನ್ನೂ ಹನ್ನೆರಡು ದಿನ ಇದೆ, ಹೊಸದು ಬರೆದರೆ ಬರೆದೆ, ಇಲ್ಲದಿದ್ದರೆ ಮುಂದಿನ ವರ್ಷ."

ಹುಡುಗಿ ಒಳಗೆ ಹೋದಳು. ಹೊಸಲಿನಾಚೆ ಚೆನ್ನಮ್ಮ ಒಬ್ಬಳೇ ಉಳಿದಳು. "ನೀವು ನಿನ್ನೆಯೇ ಯಾಕೆ ಹೇಳಲಿಲ್ಲ ಮಿಸ್? ಒಂದು ಮಾತು ಹೇಳಿದ್ದರೆ ಸಾಕಾಗಿತ್ತಲ್ಲ!"

"ಹೇಳಿದ್ದರೆ ನೀವು ಅವಳನ್ನು ಎಷ್ಟು ದಿನ ವಿಚಾರಣೆ ಮಾಡ್ತಿದ್ದಿರಿ ಅಂತ ನನಗೆ ಗೊತ್ತು. ಆರು ವರ್ಷ ನಿಮ್ಮನ್ನ ಆ ಕುರ್ಚಿಯಲ್ಲಿ ನೋಡಿದ್ದೀನಿ. ಮಕ್ಕಳ ಪುಸ್ತಕಕ್ಕೆ ಬೀಗ ಹಾಕೋದೂ ಮನೆಯವರ ಇಂಥ ವಿಚಾರಣೆಗೆ ಹೆದರಿಯೇ," ಅಂದರು ಮಿಸ್. ಅವರ ದನಿಯಲ್ಲಿ ಕರುಣೆ ಏನೂ ಇರಲಿಲ್ಲ, ಚೆನ್ನಮ್ಮ ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. "ನನ್ನನ್ನ ಬಹಳ ಜನ ಬಹಳ ಏನೇನೋ ಅಂದಿದ್ದಾರೆ. ಕಳ್ಳಿ ಅಂದವರು ನೀವೇ ಮೊದಲು. ಮಂಗಳವಾರ ಸ್ಪಂದನಾ ಬರಲಿ. ನೀವು ಒಳಗೆ ಬರಬೇಡಿ."

ಚೆನ್ನಮ್ಮ ಹೂಂ ಅಂದಳು.

ಮಂಗಳವಾರ ಮಗಳನ್ನು ಗೇಟಿನಲ್ಲಿ ಇಳಿಸಿ, ಕಾರಿನಲ್ಲೇ ಕೂತಳು. ಕಿಟಕಿಯ ಗಾಜು ಇಳಿಸಿದ್ದರೆ ಪಿಯಾನೋ ಕೇಳುತ್ತಿತ್ತು. ಬೆರಳು ಗುಂಡಿಯ ಮೇಲೆ ಹೋಯಿತು, ವಾಪಸ್ಸು ಬಂತು. ಗಾಡಿ ಶುರು ಮಾಡಿ ಮುಹರ್ರಕ್‌ನ ಮಾರುಕಟ್ಟೆಯ ಕಡೆ ಹೋಗಿ, ಬೇಕಿಲ್ಲದಿದ್ದರೂ ಒಂದು ಕಿಲೋ ಟೊಮೆಟೊ ಕೊಂಡು, ಅಲ್ಲೇ ಒಂದು ಚಹಾ ಕುಡಿದಳು. ಆ ಒಂದು ಗಂಟೆ ಒಳಗೆ ಏನು ಪಾಠ ನಡೆಯಿತು, ಯಾರು ಏನು ಬರೆದರು ಅನ್ನುವುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಆರೂವರೆಗೆ ಸ್ಪಂದನಾ ಬಂದು ಪಕ್ಕದಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಅಮ್ಮ ಏನೋ ಕೇಳುತ್ತಾಳೆ ಅಂತ ಕಾದಳು. ಚೆನ್ನಮ್ಮನ ನಾಲಿಗೆಯ ತುದಿಗೆ ಪ್ರಶ್ನೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಹಸಿವಾಗಿದೆಯಾ?" ಅಂತ ಕೇಳಿ ಗೇರ್ ಹಾಕಿದಳು.